ಜಾಣ ಹುಡುಗರೇ ಯಾಕೆ ಫೇಲ್ ಆದ್ರು? ಬರ್ಕ್ಲಿ ಕ್ಯಾಲ್ಕ್ಯುಲಸ್ ಕ್ಲಾಸಿನ ಒಂದು ಪ್ರಕರಣ

ಊರಲ್ಲಿ ಫಸ್ಟ್ ಬಂದ ಹುಡುಗ ದೊಡ್ಡ ಯೂನಿವರ್ಸಿಟಿಗೆ ಸೇರಿ ಮೊದಲನೇ ವರ್ಷದಲ್ಲೇ ಯಾಕೆ ಮುಗ್ಗರಿಸ್ತಾನೆ ಅಂತ ಕೇಳಿದ್ರೆ ನಮ್ಮಲ್ಲಿ ಉತ್ತರ ರೆಡಿ ಇರುತ್ತೆ. ಬೇಸಿಕ್ಸ್ ವೀಕು, ಮನೇಲಿ ಓದಿದೋರು ಯಾರೂ ಇಲ್ಲ, ದುಡ್ಡಿನ ತಾಪತ್ರಯ, ಹುಡುಗನಿಗೇ ಸೀರಿಯಸ್‌ನೆಸ್ ಇಲ್ಲ. ನಾನು ಡಿಗ್ರಿ ಕಾಲೇಜಲ್ಲಿ ಗಣಿತ ಪಾಠ ಮಾಡೋನು, ಸ್ಟಾಫ್ ರೂಮಲ್ಲಿ ಈ ನಾಲ್ಕು ಮಾತು ಕೇಳದ ಸೆಮಿಸ್ಟರೇ ಇಲ್ಲ. ಇದೇ ನಾಲ್ಕು ಮಾತು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಕ್ಯಾಂಪಸ್ಸಲ್ಲೂ ಓಡಾಡ್ತಿತ್ತು, ಅಲ್ಲಿ ಒಬ್ರು ಅದನ್ನ ಹಾಗೇ ಒಪ್ಪಿಕೊಳ್ದೆ ಹುಡುಗರು ಇರೋ ರೂಮಿಗೇ ಹೋಗಿ, ಅವ್ರು ಓದೋದನ್ನ ಪಕ್ಕದಲ್ಲಿ ಕೂತು ನೋಡಿದ್ರು. ಅವ್ರ ಹೆಸರು ಯೂರಿ ಟ್ರೈಸ್‌ಮನ್. ಅವ್ರು ಕಂಡುಕೊಂಡಿದ್ದೇನು ಅನ್ನೋದನ್ನ ಕನ್ನಡದಲ್ಲಿ ಪೂರ್ತಿಯಾಗಿ ಯಾರಾದ್ರೂ ಬರೀಬೇಕು ಅಂತ ತುಂಬ ದಿನದಿಂದ ಅನ್ನಿಸ್ತಿತ್ತು, ಯಾಕಂದ್ರೆ ಮೇಷ್ಟ್ರುಗಳೂ ಹಾಸ್ಟೆಲ್ ಹುಡುಗ ಹುಡುಗಿಯರೂ ಇಬ್ರೂ ತಿಳ್ಕೋಬೇಕಾದ ವಿಷಯ ಇದು.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳ್ಬೇಕು. ಬರ್ಕ್ಲಿ ಅಂದ್ರೆ 1868ರಲ್ಲಿ ಶುರುವಾದ ಸರ್ಕಾರಿ ಯೂನಿವರ್ಸಿಟಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಎಲ್ಲಾ ಕ್ಯಾಂಪಸ್‌ಗಳಿಗೂ ಹಿರಿಯಣ್ಣ. ಇವತ್ತು 40 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳಿದ್ದಾರೆ, ಆಗ್ಲೂ ಹತ್ತಾರು ಸಾವಿರ ಇದ್ರು. 1964ರಲ್ಲಿ ವಾಕ್ ಸ್ವಾತಂತ್ರ್ಯದ ಚಳವಳಿ ಎದ್ದಿದ್ದು ಇದೇ ಕ್ಯಾಂಪಸ್ಸಿನ ಸ್ಪ್ರೌಲ್ ಪ್ಲಾಜಾದಲ್ಲಿ. ಅಂಥಾ ಜಾಗದಲ್ಲಿ ಫಸ್ಟ್ ಇಯರ್ ಕ್ಯಾಲ್ಕ್ಯುಲಸ್ (ಬದಲಾವಣೆಯ ಲೆಕ್ಕ ಹಾಕೋ ಗಣಿತ) ಕ್ಲಾಸ್ ಅಂದ್ರೆ ದೊಡ್ಡ ಹಾಲು, ನೂರಾರು ಜನ, ಮುಂದೆ ಬೋರ್ಡ್ ಹತ್ರ ಚಿಕ್ಕದಾಗಿ ಕಾಣೋ ಪ್ರೊಫೆಸರ್ರು, ಆಮೇಲೆ ಅದೇ ಹುಡುಗರನ್ನ ಸಣ್ಣ ಸಣ್ಣ ಸೆಕ್ಷನ್ ಮಾಡಿ ಪಿಎಚ್‌ಡಿ ಮಾಡ್ತಿರೋ ಟೀಚಿಂಗ್ ಅಸಿಸ್ಟೆಂಟ್‌ಗಳು ಲೆಕ್ಕ ಬಿಡಿಸೋದು. ಪ್ರೊಫೆಸರ್‌ಗೆ ನಿಮ್ಮ ಹೆಸರು ಗೊತ್ತಿರಲ್ಲ, ಪಕ್ಕದ ಸೀಟಲ್ಲಿ ಕೂತೋರು ಯಾರು ಅಂತ ನಿಮಗೂ ಗೊತ್ತಿರಲ್ಲ. ಆದ್ರೆ ಈ ಒಂದು ಪೇಪರ್ ದಾಟದೆ ಇಂಜಿನಿಯರಿಂಗ್ ಇಲ್ಲ, ಫಿಸಿಕ್ಸ್ ಇಲ್ಲ, ಡಾಕ್ಟರ್ ಆಗೋ ದಾರೀನೂ ಕಷ್ಟ. ಎಲ್ಲರ ಕನಸೂ ಈ ಒಂದು ಬಾಗಿಲಲ್ಲೇ ನುಗ್ಗಬೇಕು.

ಸಮಾನ ಹಕ್ಕಿಗಾಗಿ ನಡೆದ ಸಿವಿಲ್ ರೈಟ್ಸ್ ಹೋರಾಟ ಆದ್ಮೇಲೆ ಬರ್ಕ್ಲಿಯಂಥಾ ಯೂನಿವರ್ಸಿಟಿಗಳು ಕಪ್ಪು ಜನಾಂಗದ ವಿದ್ಯಾರ್ಥಿಗಳನ್ನ ಹುಡುಕಿ ಹುಡುಕಿ ಸೇರಿಸ್ಕೊಳ್ಳೋಕೆ ಶುರು ಮಾಡಿದ್ವು. ಸೇರೋವರೆಗೂ ಎಲ್ಲಾ ಚೆನ್ನಾಗಿತ್ತು, ಸೇರಿದ ಮೇಲೆ ಕ್ಯಾಲ್ಕ್ಯುಲಸ್‌ನಲ್ಲಿ ಸಾಲಾಗಿ ಬೀಳ್ತಿದ್ರು. ಟ್ರೈಸ್‌ಮನ್ ಹಿಂದಿನ ಹತ್ತು ವರ್ಷದ ದಾಖಲೆ ತೆಗೆದು ನೋಡಿದಾಗ, ಮೊದಲ ಕ್ಯಾಲ್ಕ್ಯುಲಸ್ ಕೋರ್ಸ್ ಮುಗಿಸಿದ ಕಪ್ಪು ವಿದ್ಯಾರ್ಥಿಗಳಲ್ಲಿ 60 ಪರ್ಸೆಂಟ್ ಜನಕ್ಕೆ ಎಲ್ಲಕ್ಕಿಂತ ಕೆಳಗಿನ ಡಿ ಅಥವಾ ಎಫ್ ಗ್ರೇಡ್ ಬಂದಿತ್ತು. ಇವರೇನು ಹೇಗೋ ಸೀಟ್ ಸಿಕ್ಕಿ ಬಂದೋರಲ್ಲ, ಎಷ್ಟೋ ಜನ ತಮ್ಮ ತಮ್ಮ ಹೈಸ್ಕೂಲಲ್ಲಿ ಮೊದಲ ರ‍್ಯಾಂಕು, ಚರ್ಚಲ್ಲಿ ಮುಂದಾಳುಗಳು, ಅವ್ರು ಬರ್ಕ್ಲಿಗೆ ಹೋಗಿದ್ದನ್ನ ಇಡೀ ಬೀದಿ ಹೆಮ್ಮೆಯಿಂದ ಹೇಳ್ಕೊಳ್ತಿತ್ತು.

ಟ್ರೈಸ್‌ಮನ್ ಆಗ ಅಲ್ಲೇ ಗಣಿತದಲ್ಲಿ ಸಂಶೋಧನೆ ಮಾಡ್ತಿದ್ದ ವಿದ್ಯಾರ್ಥಿ, ಜೊತೆಗೆ ಟೀಚಿಂಗ್ ಅಸಿಸ್ಟೆಂಟ್‌ಗಳಿಗೆ ಟ್ರೈನಿಂಗ್ ಕೊಡೋ ಕೆಲಸ. ನಿಮ್ಮ ಕ್ಲಾಸಲ್ಲಿ ಚೆನ್ನಾಗಿ ಮಾಡೋರು ಯಾರು, ಕಷ್ಟ ಪಡ್ತಿರೋರು ಯಾರು ಅಂತ ಅವ್ರನ್ನ ಕೇಳಿದಾಗ ಒಂದು ವಿಷಯ ಎದ್ದು ಕಾಣ್ತು, ಕಷ್ಟ ಪಡೋರ ಕಡೆ ಕಪ್ಪು ವಿದ್ಯಾರ್ಥಿಗಳು ತೀರಾ ಜಾಸ್ತಿ, ಚೆನ್ನಾಗಿ ಮಾಡೋರ ಕಡೆ ಚೀನೀ ಮೂಲದವರು ಜಾಸ್ತಿ. ಯಾಕೆ ಹೀಗೆ ಅಂತ ಕ್ಯಾಂಪಸ್ಸಿನ ಅಧ್ಯಾಪಕರನ್ನ ವಿಚಾರಿಸಿದ್ರು. ಬಂದ ಉತ್ತರ ಮೇಲೆ ಹೇಳಿದ್ನಲ್ಲ, ಅವೇ ನಾಲ್ಕು. ಓದೋ ಹಂಬಲ ಕಮ್ಮಿ, ಹೈಸ್ಕೂಲ್ ಪಾಯ ಸರಿ ಇಲ್ಲ, ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲ, ಬಡತನ. ಹೇಳಿದೋರೆಲ್ಲ ಕೆಟ್ಟವರೇನಲ್ಲ, ಸಮಾನತೆ ಬೇಕು ಅನ್ನೋ ಜನವೇ, ಹುಡುಗರಿಗೆ ಒಳ್ಳೇದಾಗ್ಲಿ ಅನ್ನೋರೇ. ಅದೇ ನನ್ನನ್ನ ಜಾಸ್ತಿ ಕಾಡೋದು, ಒಳ್ಳೆ ಮನಸ್ಸಿನೋರೂ ಒಬ್ಬ ಹುಡುಗನ ಮುಖ ಸರಿಯಾಗಿ ನೋಡದೆ ಅವನ ಬಗ್ಗೆ ತೀರ್ಪು ಕೊಟ್ಟುಬಿಡ್ತಾರೆ.

ಟ್ರೈಸ್‌ಮನ್ 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳನ್ನ ಆರಿಸ್ಕೊಂಡ್ರು. ಸುಮ್ನೆ ಪ್ರಶ್ನೆಪತ್ರ ಕೊಟ್ಟು ತುಂಬಿಸ್ಕೊಂಡ್ರೆ ಸಾಲಲ್ಲ ಅನ್ನಿಸಿ ಅವರ ಜೊತೆ ಲೈಬ್ರರಿಗೆ, ಹಾಸ್ಟೆಲ್ಲಿಗೆ, ಮನೆಗೆ ಹೋಗೋಕೆ ಶುರು ಮಾಡಿದ್ರು, ಅವ್ರು ಓದೋದನ್ನ ವಿಡಿಯೋ ಮಾಡ್ಕೊಂಡ್ರು, ತಿಂಗಳುಗಟ್ಟಲೆ ಇದೇ ಕೆಲಸ. ನಾಲ್ಕು ಕಾರಣಗಳೂ ಒಂದೊಂದಾಗಿ ಬಿದ್ದುಹೋದ್ವು. ಹಂಬಲಕ್ಕೆ ಕೊರತೆಯೇ ಇರಲಿಲ್ಲ. ಮನೆಯವರ ವಿಷಯಕ್ಕೆ ಬಂದ್ರೆ, ಎಷ್ಟೋ ತಂದೆ ತಾಯಿ ಮಗು ಹುಟ್ಟೋಕೆ ಮುಂಚೇನೇ ಇದನ್ನ ಕಾಲೇಜಿಗೆ ಕಳಿಸ್ಬೇಕು ಅಂತ ತೀರ್ಮಾನ ಮಾಡಿದ್ದವರು. ಆದಾಯದ ಲೆಕ್ಕ ಹಿಡಿದ್ರೂ ಸೋಲಿಗೆ ಕಾರಣ ಸಿಗಲಿಲ್ಲ. ಅದಕ್ಕಿಂತ ಆಶ್ಚರ್ಯ ಅಂದ್ರೆ ಪಾಯದ ವಿಷಯ, ಕಾಲೇಜು ಸೇರೋಕೆ ಅಮೆರಿಕದಲ್ಲಿ ಬರೆಯೋ ಸ್ಯಾಟ್ ಪರೀಕ್ಷೆಯ ಗಣಿತದಲ್ಲಿ ತುಂಬಾ ಒಳ್ಳೆ ಸ್ಕೋರ್ ತಂದ ಕಪ್ಪು ವಿದ್ಯಾರ್ಥಿಗಳೇ ಬೇಗ ಬೀಳ್ತಿದ್ರು, ಮಧ್ಯಮ ಸ್ಕೋರ್ ಇದ್ದೋರು ಹೇಗೋ ದಡ ಸೇರ್ತಿದ್ರು. ಪಾಯ ಗಟ್ಟಿ ಇದ್ದೋನೇ ಮೊದಲು ಬೀಳ್ತಾನೆ ಅಂದ್ರೆ ತೊಂದರೆ ಬೇರೆ ಎಲ್ಲೋ ಇದೆ ಅಂತ ತಾನೇ.

ಅದೆಲ್ಲಿತ್ತು ಅನ್ನೋದು ಕಾಣ್ಬೇಕಂದ್ರೆ ಇಬ್ಬರು ವಿದ್ಯಾರ್ಥಿಗಳ ಸಂಜೆ ಹೇಗಿರ್ತಿತ್ತು ಅಂತ ನೋಡ್ಬೇಕು.

ಕಪ್ಪು ವಿದ್ಯಾರ್ಥಿ ಕ್ಲಾಸಿಗೆ ತಪ್ಪದೆ ಹೋಗ್ತಾನೆ, ನೋಟ್ಸ್ ಬರ್ಕೊಳ್ತಾನೆ. ವಾರಕ್ಕೆ 4 ಗಂಟೆ ಕ್ಲಾಸ್ ಇದ್ರೆ ಅದರ ಎರಡರಷ್ಟು ಹೊತ್ತು ಮನೇಲಿ ಓದಿ ಅಂತ ಮೇಷ್ಟ್ರು ಮೊದಲ ದಿನ ಹೇಳಿರ್ತಾರೆ, ಅವನು ಆ ಮಾತನ್ನ ಶಿರಸಾವಹಿಸಿ ವಾರಕ್ಕೆ 8 ಗಂಟೆ ಹತ್ರ ಹತ್ರ ಕೂತು ಓದ್ತಾನೆ. ಹೋಮ್‌ವರ್ಕ್ ಒಂದೂ ಬಿಡಲ್ಲ, ಹೇಳಿದ ದಿನಕ್ಕೇ ಕೊಡ್ತಾನೆ. ರೂಮಿನ ಬಾಗಿಲು ಹಾಕ್ಕೊಂಡು ಒಬ್ಬನೇ ಕೂರ್ತಾನೆ, ಅವನ ಅಕ್ಕಪಕ್ಕ ಅದೇ ಕ್ಲಾಸಿನೋರು ಯಾರೂ ಇಲ್ಲ. ಟೆಸ್ಟ್ ಆಗುತ್ತೆ, ಪೇಪರ್ ವಾಪಸ್ ಬರುತ್ತೆ, ಸಿ ಅಥವಾ ಡಿ. ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗಲ್ಲ, ಹೇಳಿದ್ದೆಲ್ಲಾ ಮಾಡಿದ್ದೀನಲ್ಲಾ, ಇನ್ನೇನು ಮಾಡ್ಬೇಕಿತ್ತು? ಉಳಿದೋರು ಎಷ್ಟು ಹೊತ್ತು ಓದಿದ್ರು, ಅವ್ರಿಗೂ ಮೂರನೇ ಲೆಕ್ಕ ಬರಲಿಲ್ವಾ, ಇದ್ಯಾವುದೂ ಅವನಿಗೆ ತಿಳಿಯೋಕೆ ದಾರಿಯೇ ಇಲ್ಲ. ಕೊನೆಗೆ ಉಳಿಯೋ ಉತ್ತರ ಒಂದೇ, ನನ್ನ ಕೈಲಿ ಆಗಲ್ಲ. 20 ಜನರಲ್ಲಿ 18 ಜನ ಹೀಗೆ ಒಬ್ಬೊಬ್ಬರೇ ಓದ್ತಿದ್ರು.

ಇದಕ್ಕೆ ಅರ್ಥ ಅವ್ರಿಗೆ ಸ್ನೇಹಿತರೇ ಇರಲಿಲ್ಲ ಅಂತಲ್ಲ. ಗೆಳೆಯರಿದ್ರು, ನಗು ಇತ್ತು, ಪಾರ್ಟಿ ಇತ್ತು, ಸಂಘಟನೆ ಇತ್ತು. ಆದ್ರೆ ಓದು ಒಂದು ಕಡೆ, ಜನ ಇನ್ನೊಂದು ಕಡೆ, ಎರಡೂ ಒಂದನ್ನೊಂದು ಮುಟ್ಟೋ ಹಾಗಿಲ್ಲ. ಇದು ಅವ್ರು ಹೈಸ್ಕೂಲಲ್ಲಿ ಕಲ್ತ ಪಾಠ, ಓದೋಕೆ ಮನಸ್ಸಿಲ್ಲದ ವಾತಾವರಣದಲ್ಲಿ ಓದಬೇಕಂದ್ರೆ ಗೆಳೆಯರಿಂದ ದೂರ ಇದ್ದು ಓದಬೇಕು, ಹಾಗೆ ಮಾಡಿದ್ದಕ್ಕೇ ಅವ್ರು ಬರ್ಕ್ಲಿವರೆಗೆ ಬಂದಿದ್ದು. ಹೈಸ್ಕೂಲಲ್ಲಿ ಅವ್ರನ್ನ ಮೇಲೆತ್ತಿದ ಅಭ್ಯಾಸ ಯಾವುದೋ ಅದೇ ಇಲ್ಲಿ ಕಾಲಿಗೆ ತೊಡಕಾಯ್ತು. ನನಗೆ ಇಡೀ ಪ್ರಕರಣದಲ್ಲಿ ತುಂಬಾ ನೋವಾಗೋ ಜಾಗ ಇದೇ, ಯಾಕಂದ್ರೆ ಆ ಹುಡುಗ ಯಾವ ತಪ್ಪೂ ಮಾಡಿಲ್ಲ, ಗೆದ್ದ ದಾರೀಲೇ ಮತ್ತೆ ನಡೆದಿದ್ದಾನೆ, ಆ ದಾರಿ ಇಲ್ಲಿಗೆ ಬರೋ ಹೊತ್ತಿಗೆ ಮುಗಿದುಹೋಗಿದೆ ಅಂತ ಹೇಳೋಕೆ ಒಬ್ಬರೂ ಇಲ್ಲ.

ಈಗ ಚೀನೀ ಮೂಲದ ವಿದ್ಯಾರ್ಥಿಯ ಸಂಜೆ. ಇವನೂ ಮೊದಲು ಒಬ್ಬನೇ ಕೂತು ಪುಸ್ತಕ ಓದ್ತಾನೆ, ಲೆಕ್ಕ ಮಾಡ್ತಾನೆ, ಅದಕ್ಕೇ 8-10 ಗಂಟೆ ಹೋಗುತ್ತೆ. ಅದಾದ್ಮೇಲೆ ರಾತ್ರಿ ಊಟದ ಹೊತ್ತಿಗೆ ನಾಲ್ಕೈದು ಜನ ಒಂದು ಕಡೆ ಸೇರ್ತಾರೆ, ಊಟಾನೂ ನಡೀತಿರುತ್ತೆ, ಒಬ್ಬರ ಹಾಳೆ ಇನ್ನೊಬ್ಬರ ಕೈಗೆ ಹೋಗ್ತಿರುತ್ತೆ. ನಿನ್ನ ಉತ್ತರ ಏನು, ನಂದು ಬೇರೆ ಬಂದಿದೆಯಲ್ಲ, ಈ ಸ್ಟೆಪ್ಪಲ್ಲಿ ಸೈನ್ ತಪ್ಪಿದೆ ನೋಡು, ಹೀಗೆ. ಒಬ್ಬರ ಬರವಣಿಗೆಯಲ್ಲಿ ಇಂಗ್ಲಿಷ್ ತಪ್ಪಿದ್ರೆ ಅದನ್ನೂ ತಿದ್ದುತ್ತಾರೆ. ಅಣ್ಣನೋ ಕಸಿನ್ನೋ ಮೇಲಿನ ಕ್ಲಾಸಲ್ಲಿ ಇದ್ರೆ ಬಂದು ಕಣ್ಣಾಡಿಸಿ ಹೋಗ್ತಾನೆ. ಲೈಬ್ರರಿಯಲ್ಲಿ ಇಟ್ಟಿರೋ ಹಳೇ ಪ್ರಶ್ನೆಪತ್ರಿಕೆ ತಂದು ಬಿಡಿಸ್ತಾರೆ. ನಿನ್ನೆ ಎಷ್ಟು ಹೊತ್ತಿನವರೆಗೆ ಎದ್ದಿದ್ದೆ ಅಂತ ಕೇಳ್ಕೊಳ್ತಾರೆ. ಎಲ್ಲಾ ಸೇರಿ ವಾರಕ್ಕೆ ಸುಮಾರು 14 ಗಂಟೆ.

ಆದ್ರೆ ಗಂಟೆ ಲೆಕ್ಕ ಅಷ್ಟೇ ಇಟ್ಕೊಂಡ್ರೆ ಪ್ರಕರಣ ಕೈತಪ್ಪುತ್ತೆ. ಆ ಗುಂಪಲ್ಲಿ ಒಂದು ಲೆಕ್ಕ ಒಬ್ಬನಿಗೆ ಮಾತ್ರ ಬರಲಿಲ್ಲ ಅಂದ್ರೆ ತಪ್ಪು ಅವನದ್ದು, ಉಳಿದೋರು ಅಲ್ಲೇ ಸರಿಮಾಡ್ತಾರೆ, ಐದು ನಿಮಿಷದ ಕೆಲಸ. ಯಾರಿಗೂ ಬರಲಿಲ್ಲ ಅಂದ್ರೆ ಲೆಕ್ಕವೇ ಕಷ್ಟದ್ದು, ನಾಳೆ ಟೀಚಿಂಗ್ ಅಸಿಸ್ಟೆಂಟ್ ಹತ್ರ ಧೈರ್ಯವಾಗಿ ಹೋಗಿ ಕೇಳಬಹುದು, ನಾಚ್ಕೆಯ ಮಾತೇ ಇಲ್ಲ. ಒಂಟಿ ಹುಡುಗನಿಗೆ ಈ ಎರಡರ ವ್ಯತ್ಯಾಸ ತಿಳಿಯೋದೇ ಇಲ್ಲ, ಪ್ರತಿಯೊಂದು ಕಷ್ಟದ ಲೆಕ್ಕವೂ ಅವನ ದಡ್ಡತನದ ಸಾಕ್ಷಿಯಾಗಿ ನಿಲ್ಲುತ್ತೆ. ದೊಡ್ಡ ಯೂನಿವರ್ಸಿಟಿಯಲ್ಲಿ ನಾನು ಎಲ್ಲಿದ್ದೀನಿ ಅನ್ನೋದನ್ನ ಹೇಳೋದು ಮೇಷ್ಟ್ರಲ್ಲ, ಅವ್ರಿಗೆ ಅಷ್ಟು ಜನರ ಮೇಲೆ ಕಣ್ಣಿಡೋಕೆ ಸಾಧ್ಯವೂ ಇಲ್ಲ, ಅದು ಗೊತ್ತಾಗೋದು ಜೊತೆಗಾರರಿಂದ. ಜೊತೆ ಇಲ್ಲದೋನಿಗೆ ಪರೀಕ್ಷೆಯ ದಿನವೇ ಮೊದಲ ಸುದ್ದಿ.

ಹಾಗಾದ್ರೆ ಯೂನಿವರ್ಸಿಟಿ ಏನೂ ಮಾಡ್ತಿರಲಿಲ್ವಾ? ಮಾಡ್ತಿತ್ತು. ಟ್ಯೂಷನ್ ಕೇಂದ್ರ, ಸಲಹೆಗಾರರು, ಹಿಂದುಳಿದ ಹುಡುಗರಿಗೆ ರೆಮಿಡಿಯಲ್ ಕ್ಲಾಸು ಎಲ್ಲಾ ಇತ್ತು. ಯಾರಿಗೆ ಬೇಕೋ ಅವ್ರು ಹೋಗ್ತಿರಲಿಲ್ಲ ಅಷ್ಟೇ. ಯಾಕೆ ಹೋಗ್ತಾರೆ ಹೇಳಿ, ಹೈಸ್ಕೂಲಲ್ಲಿ ಬೇರೆಯವರಿಗೆ ಹೇಳಿಕೊಟ್ಟು ಬಂದೋರು ಅವ್ರು, ಹೇಳಿಸಿಕೊಳ್ಳೋನ ಜಾಗದಲ್ಲಿ ತಮ್ಮನ್ನ ಅವ್ರು ಕಂಡೇ ಇಲ್ಲ. ವೀಕ್ ಹುಡುಗರಿಗೆ ಅಂತ ಬೋರ್ಡ್ ಹಾಕಿದ ಬಾಗಿಲಲ್ಲಿ ಕಾಲಿಟ್ರೆ, ಇಡೀ ಬೀದಿ ಹೆಮ್ಮೆಯಿಂದ ಕಳಿಸಿದ ಹುಡುಗ ಆ ಹೆಮ್ಮೆಯನ್ನ ತಾನೇ ಬಿಟ್ಟುಕೊಟ್ಟ ಹಾಗೆ ಆಗುತ್ತೆ.

ಟ್ರೈಸ್‌ಮನ್ ಮಾಡಿದ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಆಗೋದು ಇದಕ್ಕೆ ಅವ್ರು ಕೊಟ್ಟ ಉತ್ತರ. 1978ರಲ್ಲಿ ಬರ್ಕ್ಲಿಯ ಪ್ರೊಫೆಷನಲ್ ಡೆವಲಪ್‌ಮೆಂಟ್ ಪ್ರೋಗ್ರಾಂ ಅನ್ನೋ ಯೋಜನೆಯಡಿ ಗಣಿತದ ವರ್ಕ್‌ಶಾಪ್ ಶುರುವಾಯ್ತು. ಆ ಯೋಜನೆ ಹುಟ್ಟಿಸಿದ್ದು ಅಧ್ಯಾಪಕರೇ, ತರ್ಕಶಾಸ್ತ್ರದಲ್ಲಿ ದೊಡ್ಡ ಹೆಸರಾದ ಲಿಯಾನ್ ಹೆಂಕಿನ್ ಅದರ ಹಿಂದೆ ಇದ್ರು. ಹೊಸದಾಗಿ ಬರೋ ವಿದ್ಯಾರ್ಥಿಗಳಿಗೆ ಕರೆ ಹೋಯ್ತು, ನೀವು ಹಿಂದೆ ಇದ್ದೀರ, ಬನ್ನಿ ಅಂತ ಅಲ್ಲ, ಇದು ಆನರ್ಸ್ ಕಾರ್ಯಕ್ರಮ, ಗಣಿತ ಬೇಕಾಗೋ ಕೋರ್ಸ್‌ಗಳಲ್ಲಿ ಮುಂದೆ ಬರೋಕೆ ಇಷ್ಟ ಇರೋರಿಗೆ ಅಂತ. ಎಲ್ಲಾ ಜನಾಂಗದವರಿಗೂ ಬಾಗಿಲು ತೆಗೆದಿತ್ತು, ಆದ್ರೆ ಬಂದವರಲ್ಲಿ ಹೆಚ್ಚಿನೋರು ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳು. ಅಲ್ಲಿ ಕೊಡೋ ಲೆಕ್ಕ ಮಾಮೂಲಿ ಕ್ಲಾಸಿನದ್ದಕ್ಕಿಂತ ಕಷ್ಟದ್ದು, ಸುಲಭದ್ದಲ್ಲ. ಬಿದ್ದೋರನ್ನ ಎತ್ತೋಕೆ ಇನ್ನೂ ಕಷ್ಟದ ಲೆಕ್ಕ ಕೊಡೋದಾ ಅಂತ ಯಾರಿಗಾದ್ರೂ ಅನ್ನಿಸ್ಬೇಕು. ಆದ್ರೆ ಕಷ್ಟದ ಲೆಕ್ಕ ಆದ್ರೇನೇ ಇನ್ನೊಬ್ಬರ ಕಡೆ ತಿರುಗಿ ಮಾತಾಡೋ ಅವಶ್ಯಕತೆ ಬರೋದು, ಸುಲಭದ ಲೆಕ್ಕ ಕೊಟ್ರೆ ಎಲ್ಲರೂ ತಲೆ ತಗ್ಗಿಸಿ ಮಾಡಿ ಎದ್ದುಹೋಗ್ತಾರೆ.

ಒಂದು ಸೆಷನ್ ಹೇಗೆ ನಡೀತಿತ್ತು ಅಂದ್ರೆ, ಒಂದು ವರ್ಕ್‌ಶೀಟ್ ಕೈಗೆ ಬರುತ್ತೆ. ಮೊದಲು ಒಬ್ಬೊಬ್ಬರೇ ಕೂತು ಪ್ರಯತ್ನ ಪಡ್ಬೇಕು, ಆಮೇಲೆ ಸಣ್ಣ ಗುಂಪಲ್ಲಿ ಒಬ್ಬರಿಗೊಬ್ಬರು ವಿವರಿಸ್ಬೇಕು. ನಡೆಸೋ ಗ್ರ್ಯಾಜುಯೇಟ್ ವಿದ್ಯಾರ್ಥಿ ಬೋರ್ಡ್ ಹತ್ರ ಹೋಗಿ ಬಿಡಿಸಿ ತೋರಿಸಲ್ಲ, ಗುಂಪಿನಿಂದ ಗುಂಪಿಗೆ ಓಡಾಡ್ತಾ ಕೇಳಿಸ್ಕೊಳ್ತಾನೆ, ಎಲ್ಲಿ ಎಲ್ಲರೂ ಸೇರಿ ತಪ್ಪು ದಾರಿ ಹಿಡಿದಿದ್ದಾರೋ ಅಲ್ಲಿ ಒಂದು ಪ್ರಶ್ನೆ ಹಾಕಿ ಮುಂದೆ ಹೋಗ್ತಾನೆ. ವರ್ಕ್‌ಶೀಟಲ್ಲಿ ಹಳೇ ಪರೀಕ್ಷೆಯ ಲೆಕ್ಕಗಳಿರ್ತಿದ್ವು, ಲೆಕ್ಕ ಬೇಗ ಮಾಡೋ ಉಪಾಯಗಳಿರ್ತಿದ್ವು, ಅದರ ಜೊತೆಗೆ ಬೇಕಂತಲೇ ಇಟ್ಟ ಕೆಲವು ಲೆಕ್ಕ, ಬರುತ್ತೆ ಅಂತ ನೀವು ಅಂದುಕೊಂಡಿರ್ತೀರ, ಕೈ ಹಾಕಿದಾಗ ಗೊತ್ತಾಗುತ್ತೆ ವಿಷಯ ತಲೆಗೆ ಹತ್ತಿಲ್ಲ ಅಂತ. ಆ ಜಾತಿಯ ಲೆಕ್ಕ ಹೇಗಿರುತ್ತೆ ಅನ್ನೋದಕ್ಕೆ ನನ್ನ ಕ್ಲಾಸಿಂದ ಒಂದು ಉದಾಹರಣೆ ಕೊಡ್ತೀನಿ. ಡೆರಿವೇಟಿವ್, ಅಂದ್ರೆ ಗ್ರಾಫಿನ ಇಳಿಜಾರು, ಸೊನ್ನೆ ಆದ ಕಡೆ ಮ್ಯಾಕ್ಸಿಮಮ್ ಅಥವಾ ಮಿನಿಮಮ್ ಇರಲೇಬೇಕಾ ಅಂತ ಕೇಳಿದ್ರೆ ಮುಕ್ಕಾಲು ಕ್ಲಾಸು ಹೌದು ಅನ್ನುತ್ತೆ, ಸೂತ್ರ ಹಾಗೇ ಬಾಯಿಪಾಠ ಆಗಿರುತ್ತೆ. ಎಕ್ಸ್ ಕ್ಯೂಬ್ ತಗೊಳ್ಳಿ, ಸೊನ್ನೆಯ ಹತ್ರ ಗ್ರಾಫ್ ಬರೀರಿ ಅಂತ ಹೇಳಿ ಸುಮ್ಮನಾದ್ರೆ ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿಂದ ಜಗಳ ಶುರುವಾಗುತ್ತೆ, ಡೆರಿವೇಟಿವ್ ಸೊನ್ನೆ ಬಂತು, ಆದ್ರೆ ಗ್ರಾಫು ಮೇಲೆ ಹೋಗ್ತಾನೇ ಇದೆಯಲ್ಲೋ ಅಂತ. ಆ ಜಗಳದಲ್ಲಿ ಕಲಿಯೋದನ್ನ ನಾನು ಒಂದು ಗಂಟೆ ಬೋರ್ಡಲ್ಲಿ ಬರೆದ್ರೂ ಕಲಿಸೋಕಾಗಲ್ಲ.

ಫಲಿತಾಂಶ ಏನಾಯ್ತು? ಟ್ರೈಸ್‌ಮನ್ ಮತ್ತು ರಾಬರ್ಟ್ ಫುಲ್ಲಿಲೋವ್ 1990ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 1978ರಿಂದ 1982ರವರೆಗೆ ವರ್ಕ್‌ಶಾಪಲ್ಲಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿ ಮೈನಸ್ ಅಥವಾ ಅದಕ್ಕಿಂತ ಒಳ್ಳೆ ಗ್ರೇಡ್ ತಗೊಂಡ್ರು, ಹೊರಗಿದ್ದೋರಲ್ಲಿ ಆ ಮಟ್ಟ ಮುಟ್ಟಿದ್ದು ಹೆಚ್ಚು ಕಮ್ಮಿ ಐದರಲ್ಲಿ ಒಬ್ಬರು. ವರ್ಕ್‌ಶಾಪ್ ಬರೋಕೆ ಮುಂಚೆ ಒಂದು ವರ್ಷಕ್ಕೆ ಇಬ್ಬರಿಗಿಂತ ಜಾಸ್ತಿ ಕಪ್ಪು ಅಥವಾ ಲ್ಯಾಟಿನೋ ವಿದ್ಯಾರ್ಥಿಗಳು ಬಿ ಮೈನಸ್ ದಾಟಿದ್ದೇ ಇರಲಿಲ್ಲ ಅನ್ನೋದನ್ನ ನೆನಪಲ್ಲಿಟ್ಟುಕೊಂಡು ಈ ಸಂಖ್ಯೆ ನೋಡಿ. ಸ್ಯಾಟ್ ಗಣಿತದಲ್ಲಿ 800ಕ್ಕೆ 600ರ ಆಸುಪಾಸು ಇದ್ದ ಕಪ್ಪು ವಿದ್ಯಾರ್ಥಿಗಳು 700 ಚಿಲ್ಲರೆ ಇದ್ದ ಬಿಳಿಯ ಮತ್ತು ಏಷ್ಯನ್ ವಿದ್ಯಾರ್ಥಿಗಳ ಸಮಕ್ಕೆ ಬಂದ್ರು. ಹುಡುಗರು ಅವೇ ಮನೆಗಳಿಂದ, ಅವೇ ಶಾಲೆಗಳಿಂದ ಬಂದೋರು. ಬದಲಾಗಿದ್ದು ಅವ್ರು ಯಾರ ಜೊತೆ ಕೂತು, ಎಂಥಾ ಲೆಕ್ಕ ಮಾಡ್ತಿದ್ರು ಅನ್ನೋದು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. 40 ಜನರನ್ನ ನೋಡಿ ಬರೆದ ಚಿತ್ರ ಇದು, ಹತ್ತಿರದಿಂದ ನೋಡಿದ್ದು ಅನ್ನೋದೇ ಇದರ ಬಲ, ಅದನ್ನ ಒಂದು ಜನಾಂಗದ ಗುಣ ಅಂತ ಓದಿದ್ರೆ ಎಲ್ಲಾ ಹಾಳು. ಚೀನೀ ಮೂಲದ ಪ್ರತಿಯೊಬ್ಬ ಹುಡುಗನೂ ಗುಂಪು ಕಟ್ಕೊಂಡು ಓದ್ತಾನೆ ಅಂತ ಅಲ್ಲ, ಆ ಕ್ಯಾಂಪಸ್ಸಲ್ಲಿ ಆ ಹೊತ್ತಲ್ಲಿ ಅವ್ರಿಗೆ ಅಂಥಾ ಬಳಗ ಇತ್ತು, ಮುಂದೆ ಹೋದ ಅಣ್ಣಂದಿರು ಅಕ್ಕಂದಿರು ಇದ್ರು, ಕಪ್ಪು ವಿದ್ಯಾರ್ಥಿಗಳಿಗೆ ಇರಲಿಲ್ಲ. ಇನ್ನೊಂದು ಆಕ್ಷೇಪ ಅಂದ್ರೆ ವರ್ಕ್‌ಶಾಪಿಗೆ ತಾವಾಗೇ ಬಂದೋರು ಹೇಗೂ ಚುರುಕಿನೋರು ಇರ್ತಾರೆ, ಹಾಗಾಗಿ ಹೊರಗಿದ್ದೋರ ಜೊತೆ ಹೋಲಿಸೋದು ಪೂರ್ತಿ ನ್ಯಾಯ ಅಲ್ಲ ಅಂತ. ಅದು ಸರಿಯಾದ ಆಕ್ಷೇಪವೇ. ಆದ್ರೂ ಚುರುಕಿನ ಹುಡುಗರೇ ಜಾಸ್ತಿ ಬೀಳ್ತಿದ್ದ ಜಾಗ ಅದು ಅನ್ನೋದನ್ನ ನೆನೆಸಿಕೊಂಡ್ರೆ ನನಗೆ ಆ ಆಕ್ಷೇಪದಿಂದ ಇಡೀ ಫಲಿತಾಂಶ ಕರಗಿಹೋಗುತ್ತೆ ಅನ್ನಿಸಲ್ಲ.

ಮುಂದಿನ ಕತೆ ಚುಟುಕಾಗಿ ಹೇಳ್ತೀನಿ. 1988ರಲ್ಲಿ ಟೆಕ್ಸಸ್ ಯೂನಿವರ್ಸಿಟಿಯ ಆಸ್ಟಿನ್ ಕ್ಯಾಂಪಸ್ಸಲ್ಲಿ ಇದೇ ಮಾದರಿಯ ಎಮರ್ಜಿಂಗ್ ಸ್ಕಾಲರ್ಸ್ ಪ್ರೋಗ್ರಾಂ ಶುರುವಾಯ್ತು, ಟ್ರೈಸ್‌ಮನ್ ಆಮೇಲೆ ಆಸ್ಟಿನ್ನಿಗೇ ಹೋಗಿ ನೆಲೆಸಿದ್ರು, 1992ರಲ್ಲಿ ಅವ್ರಿಗೆ ಅಮೆರಿಕದ ದೊಡ್ಡ ಗೌರವವಾದ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ಅಮೆರಿಕದ ಬೇರೆ ಬೇರೆ ಯೂನಿವರ್ಸಿಟಿಗಳು ಈ ಮಾದರಿ ತಗೊಂಡ್ವು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಪ್ರಪೊಸಿಷನ್ 209 ಅನ್ನೋ ಜನಮತದ ಕಾನೂನು ಪಾಸಾಗಿ, ಸರ್ಕಾರಿ ಯೂನಿವರ್ಸಿಟಿಗಳು ಪ್ರವೇಶದಲ್ಲಿ ಜನಾಂಗ ನೋಡಿ ಆದ್ಯತೆ ಕೊಡೋದು ನಿಂತುಹೋಯ್ತು, ಆ ಹುಡುಗರು ಬರ್ಕ್ಲಿ ಬಾಗಿಲವರೆಗೆ ಬರೋದೇ ಕಷ್ಟ ಆಯ್ತು. ಅದು ಬೇರೆಯದೇ ದೊಡ್ಡ ಕತೆ.

ನಮ್ಮ ಕಡೆಗೆ ಬರ್ತೀನಿ. ನಮ್ಮ ಕಾಲೇಜುಗಳಲ್ಲಿ, ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಯ ಫೈಲಿಗೋಸ್ಕರ ಅಡ್ವಾನ್ಸ್ಡ್ ಲರ್ನರ್ಸ್, ಸ್ಲೋ ಲರ್ನರ್ಸ್ ಅಂತ ಎರಡು ಲಿಸ್ಟ್ ಮಾಡ್ತಾರೆ, ಮೇಷ್ಟ್ರುಗಳಿಗೆಲ್ಲ ಇದು ಗೊತ್ತಿರೋದೇ. ಸ್ಲೋ ಲರ್ನರ್ಸ್‌ಗೆ ರೆಮಿಡಿಯಲ್ ಕ್ಲಾಸ್ ಮಾಡಿ, ಅಟೆಂಡೆನ್ಸ್ ಶೀಟ್, ಫೋಟೋ ಹಾಕಿ ಫೈಲ್ ಮಾಡ್ಬೇಕು. ಒಂದು ಕಾಲೇಜಲ್ಲಿ ಆ ಲಿಸ್ಟನ್ನ ನೋಟಿಸ್ ಬೋರ್ಡಿಗೇ ಹಾಕಿದ್ದನ್ನ ನಾನು ನೋಡಿದ್ದೀನಿ. ಅದರಲ್ಲಿ ಒಬ್ಬ ಹುಡುಗಿ ಹೆಸರಿತ್ತು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ತಾಲ್ಲೂಕಿಗೆ ಒಳ್ಳೆ ಮಾರ್ಕ್ಸ್ ತಂದೋಳು, ರೆಮಿಡಿಯಲ್ ಕ್ಲಾಸಿಗೆ ಒಂದು ದಿನಾನೂ ಬರಲಿಲ್ಲ. ಯಾಕಮ್ಮ ಬರ್ತಿಲ್ಲ ಅಂತ ಕಾರಿಡಾರಲ್ಲಿ ಕೇಳಿದಾಗ ತಲೆ ತಗ್ಗಿಸಿ, "ಓದ್ಕೋತೀನಿ ಸರ್, ರೂಮಲ್ಲೇ ಓದ್ಕೋತೀನಿ" ಅಂದ್ಲು. "ಯಾರ ಜೊತೆ ಓದ್ತೀಯ?" ಅಂದೆ. "ಯಾರ ಜೊತೇನೂ ಇಲ್ಲ ಸರ್. ಅವ್ರೆಲ್ಲ ಇಂಗ್ಲಿಷಲ್ಲಿ ಡಿಸ್ಕಸ್ ಮಾಡ್ತಾರೆ, ನಾನು ಮಧ್ಯೆ ಕೇಳಿದ್ರೆ ಅವ್ರಿಗೆ ತೊಂದ್ರೆ." ಅವಳಿಗೆ ಹಾಸ್ಟೆಲಲ್ಲಿ ಗೆಳತಿಯರಿದ್ರು, ತನ್ನೂರಿನ ಕಡೆಯವರೇ, ಒಟ್ಟಿಗೆ ಊಟ, ಒಟ್ಟಿಗೆ ಸಂತೆ, ಆದ್ರೆ ಅವ್ರು ಬಿಎ ಹುಡುಗಿಯರು. ಗಣಿತದ ಕ್ಲಾಸಲ್ಲಿ ಅವಳಿಗೆ ಯಾರೂ ಇರಲಿಲ್ಲ. ಬರ್ಕ್ಲಿಯ ಆ 18 ಜನರ ಸಂಜೆಯನ್ನ ಓದುವಾಗ ನನ್ನ ಕಣ್ಮುಂದೆ ಬಂದಿದ್ದು ಈ ಹುಡುಗಿ.

ನಮ್ಮಲ್ಲಿ ಕಂಬೈನ್ಡ್ ಸ್ಟಡಿ ಇಲ್ವಾ ಅಂತ ಕೇಳ್ಬಹುದು. ಇದೆ, ಹಾಸ್ಟೆಲ್ಲುಗಳಲ್ಲಿ ಪರೀಕ್ಷೆ ಹಿಂದಿನ ದಿನ ರಾತ್ರಿ ಒಬ್ಬ ಹೇಳ್ತಾನೆ, ಏಳು ಜನ ಕೇಳ್ತಾರೆ, ಪಾಸಾಗೋಕೆ ಅದು ಸಾಕಾಗುತ್ತೆ. ರೆಕಾರ್ಡ್ ಬುಕ್ ಒಬ್ಬರಿಂದ ಒಬ್ಬರಿಗೆ ಕಾಪಿ ಆಗೋದೂ ಇದೆ. ಬರ್ಕ್ಲಿಯ ಮಾದರಿಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ, ಅಲ್ಲಿ ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಕಷ್ಟಪಟ್ಟು ಹಾಳೆ ಮೇಲೆ ಏನಾದ್ರೂ ಬರ್ಕೊಂಡೇ ಬರ್ತಿದ್ರು, ಖಾಲಿ ಕೈಯಲ್ಲಿ ಬಂದು ಕೂರೋ ಹಾಗಿರಲಿಲ್ಲ. ಇನ್ನೊಂದು, ಅದು ಸೆಮಿಸ್ಟರಿನ ಮೊದಲ ವಾರದಿಂದಲೇ ನಡೀತಿತ್ತು. ನಮ್ಮಲ್ಲಿ ಗುಂಪು ಸೇರೋ ಹೊತ್ತಿಗೆ ಸಿಲಬಸ್ಸೇ ಮುಗಿದಿರುತ್ತೆ.

ಮೇಷ್ಟ್ರುಗಳು ಯಾರಾದ್ರೂ ಇದನ್ನ ಓದ್ತಿದ್ರೆ ನನ್ನದೊಂದು ಕೋರಿಕೆ. ರೆಮಿಡಿಯಲ್ ಅನ್ನೋ ಹೆಸರನ್ನ ಫೈಲಿಗೆ ಬೇಕಾದ್ರೆ ಇಟ್ಕೊಳ್ಳಿ, ವಿದ್ಯಾರ್ಥಿಗಳ ಕಣ್ಣಿಗೆ ಬೀಳೋ ಕಡೆ ಬೇಡ. ಲಿಸ್ಟಲ್ಲಿ ಎರಡೂ ಕಡೆಯವರನ್ನ ಬೆರೆಸಿ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಕನ್ನಡ ಮೀಡಿಯಂ ಹುಡುಗಿಯನ್ನ ಒಬ್ಬಳನ್ನೇ ಇಂಗ್ಲಿಷ್ ಗುಂಪಿಗೆ ಹಾಕ್ಬೇಡಿ, ಕಡೇ ಪಕ್ಷ ಇಬ್ಬರಿರಲಿ, ಗುಂಪಿನ ಮಾತು ಕನ್ನಡದಲ್ಲೇ ನಡೀಲಿ, ಉತ್ತರ ಯಾವ ಭಾಷೆಯಲ್ಲಿ ಬರೀಬೇಕೋ ಅದನ್ನ ಆಮೇಲೆ ಬರ್ಕೊಳ್ಳಲಿ. ಹಳೇ ಪೇಪರಿನ ಲೆಕ್ಕ ಒಂದೆರಡು, ಕ್ಲಾಸಲ್ಲಿ ಮಾಡಿದ್ದಕ್ಕಿಂತ ಕಷ್ಟದ್ದು ಒಂದೆರಡು, ಎಕ್ಸ್ ಕ್ಯೂಬಿನಂಥದ್ದು ಒಂದು, ಇಷ್ಟಿದ್ರೆ ಒಂದು ವಾರದ ಹಾಳೆ ಆಯ್ತು. ಜಾಗದ ಸಮಸ್ಯೆ ಬಂದ್ರೆ ವಾರ್ಡನ್ ಹತ್ರ ಮಾತಾಡಿ, ಊಟ ಆದ್ಮೇಲೆ ಮೆಸ್ ಹಾಲ್ ಹೇಗೂ ಖಾಲಿ ಇರುತ್ತೆ, ಟೇಬಲ್ ಒರೆಸಿ ಲೈಟ್ ಹಾಕಿ ಬಿಡಿ ಅಂದ್ರೆ ಯಾವ ವಾರ್ಡನ್ನೂ ಬೇಡ ಅನ್ನಲ್ಲ. ಸೀನಿಯರ್ ಒಬ್ಬರು ವಾರಕ್ಕೆ ಒಂದು ಸಂಜೆ ಬಂದು ಸುತ್ತು ಹಾಕಿದ್ರೆ ಸಾಕು, ಬಿಡಿಸಿ ತೋರಿಸೋದು ಬೇಡ ಅಂತ ಅವ್ರಿಗೆ ಮೊದಲೇ ಹೇಳಿಡಿ. ಸೆಮಿಸ್ಟರ್ ಶುರುವಾದ ಮೊದಲ ವಾರವೇ ಮಾಡಿ, ಮೊದಲ ಇಂಟರ್ನಲ್ ಆದ್ಮೇಲೆ ನೋಡೋಣ ಅಂತ ಮುಂದಕ್ಕೆ ಹಾಕ್ಬೇಡಿ, ಅಷ್ಟು ಹೊತ್ತಿಗೆ ಅವಳು ನನ್ನ ಕೈಲಿ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟಿರ್ತಾಳೆ.